ಹಗರೆಯ ಜಾವ, ಅರಸೀಕೆರೆಯ ಯೆಜ್ಡಿ

ಹೊತ್ತು ಮುಳುಗುವ ಮೊದಲು ಒಲೆ ಆರಬೇಕು ಎಂಬುದು ಪದ್ಮಯ್ಯನವರ ಮನೆಯ ಕಟ್ಟಳೆ. ಹಳೇಬೀಡಿನ ಬಸದಿಗಳ ಬಳಿ ಉಳಿದುಕೊಂಡಿದ್ದ ಕೆಲವೇ ಜೈನರ ಮನೆಗಳಲ್ಲಿ ಅದೂ ಒಂದು. ಕೆರೆಯ ನೀರು ಕೆಂಪಾಗುವ ಹೊತ್ತಿಗೆ ಪದ್ಮಯ್ಯನವರು ಊಟ ಮುಗಿಸಿ ಕೈ ತೊಳೆದು ಎದ್ದಿರುತ್ತಿದ್ದರು. ಸೊಸೆ ಕಾಂಚನಮಾಲಾ ಕೊಳ್ಳಿಗಳನ್ನು ಹಿರಿದು ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದಳು. ಆಮೇಲೆ ಆ ಮನೆಯಲ್ಲಿ ಯಾರೂ ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕುವಂತಿರಲಿಲ್ಲ.

ಅವಳ ಗಂಡ ಜಯರಾಜ ಬರುತ್ತಿದ್ದುದು ಅದೆಲ್ಲ ಆದ ಮೇಲೆ. ಅವನು ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಬಾಣಾವರ, ಜಾವಗಲ್ ಸುತ್ತಿಕೊಂಡು ಬರುವ ಬಸ್ಸು ಹಳೇಬೀಡು ಮುಟ್ಟುವಾಗ ಕತ್ತಲಾಗಿರುತ್ತಿತ್ತು. ಬಂದವನು ಕಾಲು ತೊಳೆದು, ಅಡಿಗೆಮನೆಯ ಕಡೆ ತಿರುಗಿಯೂ ನೋಡದೆ ಚಾಪೆ ಹಾಸಿಕೊಳ್ಳುತ್ತಿದ್ದ. ಬೆಳಿಗ್ಗೆ ಕಟ್ಟಿಕೊಟ್ಟ ಡಬ್ಬಿ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಉಳಿಸಿಕೊಂಡರೂ ಬೆಳಗಿನ ಅನ್ನವನ್ನು ಸಂಜೆಗೆ ಉಣ್ಣುವ ಹಾಗಿಲ್ಲ. ಹೋಟೆಲಿನಲ್ಲಿ ಎಲ್ಲಕ್ಕೂ ಈರುಳ್ಳಿ, ಬೆಳ್ಳುಳ್ಳಿ. ಹೊತ್ತಿರುವಾಗಲೇ ಬಸ್ ಸ್ಟ್ಯಾಂಡಿನಲ್ಲಿ ನಿಂತು ತಿಂದ ಬಾಳೆಹಣ್ಣು, ಒಂದು ಹಿಡಿ ಕಡ್ಲೆಪುರಿ, ಅಷ್ಟೇ ಅವನ ರಾತ್ರಿಯ ಊಟ.

ವರ್ಷಗಟ್ಟಲೆ ಹೀಗೆ ನಡೆದು, ಆ ಮಳೆಗಾಲದಲ್ಲಿ ಅವನ ಹೊಟ್ಟೆಯಲ್ಲಿ ಹುಣ್ಣಾಯಿತು. ರಾತ್ರಿ ಮಂಡಿ ಮಡಚಿ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿದ್ದ.

“ಡಾಕ್ಟರು ಏನಂದ್ರೋ?” ಎಂದು ಅವನ ತಾಯಿ ಶಾಂತಾದೇವಿ ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಕೇಳಿದರು.

“ಹೊಟ್ಟೆ ಖಾಲಿ ಬಿಡಬಾರದಂತಮ್ಮ. ಸಂಜೆ ಬಿಸಿಯಾಗಿ, ಮೆತ್ತಗೆ ಏನಾದ್ರೂ ತಿನ್ನಬೇಕಂತೆ.”

“ಬಂದ ಮೇಲೆ ಒಂದು ಲೋಟ ಹಾಲಾದ್ರೂ ಕುಡಿದ್ರೆ…” ಎಂದಳು ಕಾಂಚನಮಾಲಾ, ಸಾರಿನ ಸೌಟು ಕೈಯಲ್ಲೇ ಹಿಡಿದು.

ಪದ್ಮಯ್ಯನವರು ತಟ್ಟೆಯಿಂದ ತಲೆ ಎತ್ತಿದರು. “ರಾತ್ರೀನಾ?”

“ಔಷಧಿ ಅಂದ್ಕೊಂಡು ಮಾವ.”

“ನಮ್ಮಪ್ಪ ಸಾಯೋ ಹೊತ್ತಲ್ಲಿ ಹಾಲು ಕೇಳಿದ್ರು. ಆಗ ಹೊತ್ತು ಮುಳುಗಿತ್ತು. ‘ಬೇಡ ಬಿಡು’ ಅಂತ ಅವರೇ ಅಂದ್ರು.” ಅಷ್ಟು ಹೇಳಿ ಅನ್ನ ಕಲಸತೊಡಗಿದರು. ಆ ಮಾತಿನ ಮುಂದೆ ಇನ್ನೊಂದು ಮಾತಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ಕಾಂಚನಮಾಲಾ ಬಿಡಲಿಲ್ಲ. “ಹಾಗಾದ್ರೆ ಅರಸೀಕೆರೇಲೇ ಒಂದು ಬಾಡಿಗೆ ಮನೆ ಮಾಡ್ತೀವಿ. ಮಂಡಿ ಬಿಟ್ಟ ತಕ್ಷಣ ಬಿಸಿಯಾಗಿ ಬಡಿಸ್ತೀನಿ. ನಿಮ್ಮ ಕಟ್ಟಳೇನೂ ಉಳಿಯುತ್ತೆ.”

“ಮನೆ ಒಡೆದು ಕಟ್ಟಳೆ ಉಳಿಸ್ತೀಯಾ?”

“ಯಾರು ಒಡೀತಾರೆ ಮಾವ? ಅವರ ಹೊಟ್ಟೆ ಉಳಿದ್ರೆ ಸಾಕು ನಂಗೆ.”

“ನಿಮ್ಮತ್ತೆಗೆ ಮಂಡಿ ನೋವು, ಬಗ್ಗಿ ಒಲೆ ಊದೋಕೆ ಆಗಲ್ಲ ಅಂತ ನಿಂಗೆ ಗೊತ್ತಿಲ್ವಾ?”

“ನನ್ನ ಮಂಡೀನ ಮಧ್ಯಕ್ಕೆ ಎಳೀಬೇಡಿ” ಎಂದರು ಶಾಂತಾದೇವಿ.

ಬೇಲೂರಿನ ಕಡೆಯಿಂದ ಬರುವ ತನ್ನ ಶಾಲೆಯ ಮೇಷ್ಟ್ರನ್ನು ನೆನೆದು, ಜಯರಾಜನ ಮಗಳು ಆರನೇ ಕ್ಲಾಸಿನ ತ್ರಿಶಲಾ ನಡುವೆ ಬಾಯಿ ಹಾಕಿದಳು. “ತಾತ, ಅಪ್ಪಂಗೆ ಒಂದು ಮೋಟಾರ್ ಸೈಕಲ್ ತೆಗೆಸಿಕೊಡಿ. ನಮ್ಮ ಪಿ.ಟಿ. ಮೇಷ್ಟ್ರು ಬಸ್ಸಿಗಿಂತ ಮುಂಚೆ ಬರ್ತಾರೆ.”

ಯಾರೂ ನಗಲಿಲ್ಲ. ಮಂಡಿ ಬಿಟ್ಟೊಡನೆ ಗಾಡಿ ಹತ್ತಿದರೆ ಒಂದು ಗಂಟೆ ಚಿಲ್ಲರೆಯ ದಾರಿ. ಬೇಗ ಬಿಡಿ ಎಂದು ಮಂಡಿಯ ಸಾಹುಕಾರರನ್ನು ಕೇಳಿಕೊಂಡರೆ ಬಿಸಿಲಿರುವಾಗಲೇ ಮನೆ ಸೇರಬಹುದು. ಆ ವರ್ಷ ಮನೆಯ ತೋಟದ ಕೊಬ್ಬರಿ ಒಳ್ಳೆಯ ಬೆಲೆಗೆ ಹೋಗಿತ್ತು. ಹೊಸದಲ್ಲದಿದ್ದರೂ ಒಂದು ಹಳೆಯ ಗಾಡಿಗೆ ಅಡ್ಡಿಯಿರಲಿಲ್ಲ. ಭಾದ್ರಪದದ ದಶಲಕ್ಷಣ ಪರ್ವದ ವ್ರತ ಮುಗಿದ ಮೇಲೆ ನೋಡೋಣ ಎಂದರು ಪದ್ಮಯ್ಯನವರು. ಅವರ ಬಾಯಲ್ಲಿ ‘ನೋಡೋಣ’ ಎಂದರೆ ಒಪ್ಪಿಗೆಯೇ.

ನೋಡಲು ಸಿಕ್ಕಿದ್ದು ಎರಡು ಗಾಡಿ. ಒಂದು ಹಗರೆಯಲ್ಲಿ, ಒಂದು ಅರಸೀಕೆರೆಯಲ್ಲಿ.

ಹಗರೆಯದು ಷಡಕ್ಷರಪ್ಪನವರ ಜಾವ ಮೋಟಾರ್ ಸೈಕಲ್. ಅವರು ದನದ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿದ್ದರು. ಕೊಟ್ಟಿಗೆಯ ಪಕ್ಕದಲ್ಲಿ ಗೋಣಿತಾಟು ಹೊದಿಸಿ ಇಟ್ಟಿದ್ದ ಗಾಡಿಯನ್ನು ಮದುವೆಯ ಹೆಣ್ಣನ್ನು ತೋರಿಸುವಂತೆ ಮುಸುಕು ತೆಗೆದು ತೋರಿಸಿದರು. ಕೆಂಪು ಬಣ್ಣ ಮಾಸಿದ್ದರೂ ಟ್ಯಾಂಕಿಯ ಮೇಲೆ ಒಂದು ಗೀರಿರಲಿಲ್ಲ.

“ಅರವತ್ತೈದನೇ ಇಸ್ವಿದು ಸ್ವಾಮಿ. ನನ್ನ ಬಿಟ್ರೆ ಇನ್ನೊಬ್ಬ ಇದರ ಮ್ಯಾಲೆ ಕುಂತಿಲ್ಲ. ನನ್ ಹೆಂಡ್ರೂ ಕುಂತಿಲ್ಲ.”

“ಅದ್ಯಾಕೆ?” ಎಂದರು ಪದ್ಮಯ್ಯನವರು.

“ಎಮ್ಮೆ ಹೆರಿಗೆ ಮಾಡ್ಸಿ ಬಂದೋನ ಬೆನ್ನಿಗೆ ಯಾರು ಅಂಟ್ಕೊಂಡು ಕುಂತ್ಕೋತಾರೆ?”

ಪದ್ಮಯ್ಯನವರು ಸೀಟನ್ನು ಮುಟ್ಟದೆ ಬಗ್ಗಿ ನೋಡಿದರು. “ಇದು ಚರ್ಮದ್ದಾ?”

“ರೆಕ್ಸಿನ್ನು. ಟೂಲ್ಸ್ ಚೀಲ ಒಂದು ಚರ್ಮದ್ದೈತೆ, ಅದನ್ನ ನಾನೇ ಇಟ್ಕೋತೀನಿ ಬಿಡಿ. ನಿಮ್ಮ ಮನೆ ಸಂಗ್ತಿ ನಂಗೆ ಗೊತ್ತಿಲ್ವಾ?”

ಜಯರಾಜ ಹತ್ತಿ ಕಿಕ್ ಹೊಡೆದ. ಗಾಡಿ ಎರಡನೆಯ ಒದೆತಕ್ಕೆ ಎದ್ದಿತು. ಕಿಕ್ಕಿನ ಕಡ್ಡಿಯನ್ನೇ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರಾಗುವುದನ್ನು ಕಂಡು ಪದ್ಮಯ್ಯನವರಿಗೆ ಬಹಳ ಹಿಡಿಸಿತು. “ಒಂದೇ ಕಡ್ಡೀಲಿ ಎರಡು ಕೆಲಸ” ಎಂದರು.

ಹೊರಡುವಾಗ ಷಡಕ್ಷರಪ್ಪ ತಡೆದರು. “ಒಂದು ಮಾತು ಹೇಳ್ಬಿಡ್ತೀನಿ, ಆಮ್ಯಾಕೆ ಮೋಸ ಅನ್ಬೇಡಿ. ಈ ಗಾಡಿ ದೀಪ ಮಂಕು. ಡೈನಮೊ ಸೋತೈತೆ. ವೈಂಡಿಂಗ್ ಮಾಡ್ಸುದ್ರೆ ಸರಿಹೋಗ್ತೈತೆ. ನಂಗೇನು, ಕಣ್ಣು ಸರಿಯಿಲ್ದೋನು, ಕತ್ತಲಾದ್ ಮ್ಯಾಲೆ ಹೊರಗೇ ಹೋಗಲ್ಲ. ಮಾಡಿಸ್ನಿಲ್ಲ.”

“ಹೋಗೋದೇ ಇಲ್ವಾ?”

“ದೀಪ ಇಲ್ದಿದ್ರೆ ಮನುಷ್ಯ ತಾನಾಗೇ ಹೊತ್ತಿಗೆ ಮನೆ ಸೇರ್ತಾನೆ ಸ್ವಾಮಿ” ಎಂದು ಷಡಕ್ಷರಪ್ಪ ನಕ್ಕರು.

ಪದ್ಮಯ್ಯನವರು ನಗಲಿಲ್ಲ. ಬಸ್ಸಿನಲ್ಲಿ ಬರುವಾಗ ಆ ಮಾತನ್ನೇ ಇನ್ನೊಮ್ಮೆ ಮೆಲ್ಲಗೆ ಹೇಳಿಕೊಂಡರು.

ಅರಸೀಕೆರೆಯದು ಬ್ಯಾಂಕಿನ ಸಂಪತ್ಕುಮಾರನ ಯೆಜ್ಡಿ. ತುಮಕೂರಿಗೆ ವರ್ಗವಾಗಿದ್ದರಿಂದ ಮಾರಲು ಇಟ್ಟಿದ್ದ. ಎಂಬತ್ತರಲ್ಲಿ ಕೊಂಡದ್ದು. ಕಪ್ಪು ಬಣ್ಣ, ಎತ್ತರದ ಹ್ಯಾಂಡಲ್. ಒಂದು ಕಡೆಯ ಸೈಲೆನ್ಸರು ಎಲ್ಲೋ ತಗುಲಿ ಸ್ವಲ್ಪ ನೆಗ್ಗಿತ್ತು. ಜಯರಾಜ ಸಂತೆ ಮೈದಾನದವರೆಗೆ ಹೋಗಿ ಬಂದ. ಇಳಿದಾಗ ಅವನ ಮುಖದಲ್ಲಿ ಅಷ್ಟು ದಿನ ಇಲ್ಲದ ಒಂದು ಕಳೆ ಇತ್ತು.

“ದೀಪ ನೋಡಿ ಸಾರ್” ಎಂದು ಸಂಪತ್ಕುಮಾರ ಕತ್ತಲೆಯ ಶೆಡ್ಡಿನೊಳಗೆ ನಿಲ್ಲಿಸಿ ಹೊತ್ತಿಸಿದ. ಎದುರು ಗೋಡೆಯ ಮೇಲೆ ಕೂತಿದ್ದ ಹಲ್ಲಿಯ ಕಣ್ಣು ಕೂಡ ಕಂಡಿತು. “ಹಾಸನದಲ್ಲಿ ಸೆಕೆಂಡ್ ಶೋ ನೋಡ್ಕೊಂಡು ಆರಾಮಾಗಿ ವಾಪಸ್ ಬಂದಿದೀವಿ. ಹಗಲಿದ್ದ ಹಾಗಿರುತ್ತೆ ರೋಡು.”

ಪಾಪ, ಆ ಹುಡುಗ ಗಾಡಿಯನ್ನು ಹೊಗಳಿದ್ದ. ಪದ್ಮಯ್ಯನವರ ಕಿವಿಗೆ ಬಿದ್ದದ್ದು ಸೆಕೆಂಡ್ ಶೋ ಒಂದೇ.

ಮಾರನೆಯ ಭಾನುವಾರ ಊಟದ ಹೊತ್ತಿಗೆ ಮಾತು ಬಂತು.

“ಜಾವ ಹಳೇದಾಯ್ತು ಮಾವ. ತ್ರಿಶಲಾಗಿಂತ ದೊಡ್ಡದು” ಎಂದಳು ಕಾಂಚನಮಾಲಾ.

“ಹಳೇದಾದ್ರೂ ಒಬ್ಬರ ಕೈಲಿದ್ದದ್ದು. ಯೆಜ್ಡೀನ ಬ್ಯಾಂಕಿನ ಹುಡುಗರೆಲ್ಲ ಓಡ್ಸಿದಾರೆ. ಸೈಲೆನ್ಸರ್ ನೆಗ್ಗಿದ್ದು ನೋಡಿದೆ.”

“ಹೊಸ ಸೊಸೆ ಒಂದು ಪಾತ್ರೆ ನೆಗ್ಗಿಸಿದ್ರೆ ತವರಿಗೆ ಕಳಿಸಿಬಿಡ್ತಾರಾ?” ಎಂದರು ಶಾಂತಾದೇವಿ.

“ಯೆಜ್ಡಿ ತಗೊಳ್ಳೋಣ ತಾತ. ಜಾವ ನಮ್ಮೂರ ಅಕ್ಕಿ ಗಿರಣಿ ಥರ ಸದ್ದು ಮಾಡುತ್ತಂತೆ.”

“ನೀನು ಮೊದ್ಲು ಮಜ್ಜಿಗೆ ಅನ್ನ ಮುಗಿಸು. ಜಯರಾಜ, ನೀನು ಹೇಳೋ. ಎರಡನ್ನೂ ಓಡ್ಸಿದೀಯಲ್ಲ.”

ಜಯರಾಜ ಯೋಚಿಸಿ ಹೇಳಿದ. “ಜಾವದ ಎಂಜಿನ್ ಗಟ್ಟಿ ಇದೆ ಅಪ್ಪ, ಅದರಲ್ಲಿ ಅನುಮಾನ ಇಲ್ಲ. ಯೆಜ್ಡಿ ತಿರುವಲ್ಲಿ ಮಾತು ಕೇಳುತ್ತೆ. ಬ್ರೇಕು ಚೆನ್ನಾಗಿ ಹಿಡಿಯುತ್ತೆ.”

“ನಿಂಗೆ ಯಾವುದು ಬೇಕು?”

ಜಯರಾಜ ತಟ್ಟೆಯ ಅನ್ನವನ್ನು ಬೆರಳಲ್ಲಿ ಈ ಕಡೆಯಿಂದ ಆ ಕಡೆಗೆ ಸರಿಸಿದ. “ಯೆಜ್ಡಿ.”

“ಯಾಕೆ?”

“ದೀಪ ಚೆನ್ನಾಗಿದೆ.”

“ಗಾಡಿ ತಗೊಳ್ತಿರೋದು ಯಾತಕ್ಕೆ? ಹೊತ್ತಿಗೆ ಮುಂಚೆ ಮನೆಗೆ ಬರೋಕೆ ತಾನೆ? ಹೊತ್ತಿಗೆ ಮುಂಚೆ ಬರೋನಿಗೆ ದೀಪ ಯಾಕಪ್ಪ?”

ಕಾಂಚನಮಾಲಾ, “ಒಂದು ದಿನ ತಡ ಆಯ್ತು ಅಂದ್ರೆ ಮಾವ?” ಎಂದಳು.

“ದೀಪ ಇದ್ರೆ ದಿನಾ ತಡ ಆಗುತ್ತೆ. ಇನ್ನೊಂದು ಗಂಟೆ ಇರು ಅಂತ ಸಾಹುಕಾರ ಅಂತಾನೆ, ಇವನು ಇರ್ತಾನೆ. ಅದೂ ಅಲ್ದೆ ಅಷ್ಟು ಬೆಳಕಿಗೆ ಬಂದು ಬಡ್ಕೊಂಡು ಸಾಯೋ ಹುಳ ಎಷ್ಟು ಗೊತ್ತಾ? ಆ ಪಾಪ ಯಾರ ತಲೆಗೆ?”

“ಹುಳದ ಜೀವ ಎಣಿಸ್ತೀರಿ” ಎಂದಳು ಅವಳು, ಮುಂದಿನದನ್ನು ನುಂಗಿಕೊಂಡು ಅಡಿಗೆಮನೆಗೆ ಹೋದಳು.

ಹಗರೆಯ ಜಾವ ಮನೆಗೆ ಬಂತು. ಅರಿಸಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದರು. “ಈ ದೀಪದ ತಂಟೆಗೆ ಹೋಗ್ಬೇಡ” ಎಂದು ಪದ್ಮಯ್ಯನವರು ಮಗನಿಂದ ಮಾತು ತೆಗೆದುಕೊಂಡರು.

ಮುಂದಿನ ಕೆಲವು ವಾರ ಆ ಮನೆಯಲ್ಲಿ ಸುಖವಿತ್ತು ಎಂದೇ ಹೇಳಬೇಕು. ಕೆರೆ ಏರಿಯ ಮೇಲೆ ಜಾವದ ಸದ್ದು ಕೇಳಿದೊಡನೆ ತ್ರಿಶಲಾ ಓಡಿಹೋಗಿ ಬಾಗಿಲ ಎರಡೂ ರೆಕ್ಕೆ ತೆಗೆಯುತ್ತಿದ್ದಳು. ಅಪ್ಪ ಮಗ ಅಕ್ಕಪಕ್ಕದಲ್ಲಿ ಕೂತು ಬಿಸಿ ಅನ್ನ, ಹೆಸರುಬೇಳೆ ತೊವ್ವೆ, ತುಪ್ಪ ಉಣ್ಣುತ್ತಿದ್ದರು. ಜಯರಾಜನ ಕೆನ್ನೆ ತುಂಬಿಕೊಂಡಿತು. “ನೋಡಿದ್ಯಾ?” ಎಂದು ಪದ್ಮಯ್ಯನವರು ಸೊಸೆಯ ಕಡೆ ನೋಡಿದರೆ, ಅವಳು ಇನ್ನೊಂದು ಸೌಟು ಬಡಿಸುತ್ತಿದ್ದಳು. ಅವಳಿಗೂ ಸಂತೋಷವೇ ಆಗಿತ್ತು. ಆದರೆ ಅದನ್ನು ಮಾವನ ಮುಂದೆ ತೋರಿಸಲು ಮನಸ್ಸಿರಲಿಲ್ಲ.

ಜಾವಗಲ್ಲಿನ ಮೆಕ್ಯಾನಿಕ್ ಮರಿಯಣ್ಣ ಒಮ್ಮೆ ಬಸದಿಯ ಹತ್ತಿರ ಪದ್ಮಯ್ಯನವರಿಗೆ ಸಿಕ್ಕಿದ. “ಯಜಮಾನ್ರೇ, ನಿಮ್ಮ ಮಗನ ಗಾಡಿ ಡೈನಮೊ ಬಿಚ್ಚಿಕೊಡಿ, ಹಾಸ್ನದಾಗೆ ವೈಂಡಿಂಗ್ ಮಾಡ್ಸಿ ತತ್ತೀನಿ. ಮಿಣುಕುಹುಳ ಇದ್ದಂಗೈತೆ ದೀಪ” ಎಂದ.

“ಅದು ಹಾಗೇ ಇರಲಿ ಮರಿಯಣ್ಣ.”

“ಭಾಳ ಖರ್ಚೇನಿಲ್ಲ.”

“ಖರ್ಚಿನ ಮಾತಲ್ಲ. ಬೆಳಕು ಬೇಕಾದೋನು ರಾತ್ರಿ ತಿರುಗೋನು.”

ಕಾಂಚನಮಾಲಾಗೆ ಈ ಮಾತು ತಿಳಿಯಿತು. ಆ ದಿನ ಹಸು ಕರೆಯುತ್ತಾ ಗಂಡನಿಗೆ ಹೇಳಿದಳು. “ನೀವೇ ಬಿಚ್ಚಿಕೊಟ್ಟು ಬನ್ನಿ. ಮಾವಂಗೆ ಏನು ಗೊತ್ತಾಗುತ್ತೆ? ಅವರು ಕತ್ತಲಲ್ಲಿ ಹೊರಗೆ ಬಂದು ನೋಡ್ತಾರಾ?”

“ಮಾತು ಕೊಟ್ಟಿದೀನಿ ಕಣೇ.”

“ಮಾತಂತೆ! ಸಣ್ಣ ಮಗುವಾ ನೀವು?”

“ದಿನಾ ಬಿಸಿಲಲ್ಲೇ ಬರ್ತಿದೀನಲ್ಲ, ಬಿಡು” ಎಂದು ಅವನು ಕರುವನ್ನು ಎಳೆದು ಕಟ್ಟಿದ.

ಮಾರ್ಗಶಿರ ಬಂತು. ಹೊತ್ತು ಬೇಗ ಮುಳುಗತೊಡಗಿತು. ಮಂಡಿಗೆ ಕೊಬ್ಬರಿ ಚೀಲಗಳು ಲಾರಿಗಟ್ಟಲೆ ಬಂದು ಬೀಳುತ್ತಿದ್ದವು. ಸಾಹುಕಾರರು ಬೇಗ ಬಿಡುವುದಾಗಿ ಮೊದಲು ಕೊಟ್ಟ ಮಾತು ಮರೆತಂತೆ, “ಈ ಲಾರಿ ಒಂದು ತೂಕ ಆಗ್ಲಿ ಜಯರಾಜ” ಎನ್ನುತ್ತಿದ್ದರು. ಅವನು ಒಂದೆರಡು ಸಂಜೆ ಸೂರ್ಯನ ಜೊತೆ ಪಂದ್ಯ ಕಟ್ಟಿದವನಂತೆ ಬಂದು, ಅಂಗಿ ಬಿಚ್ಚುವ ಮೊದಲೇ ತಟ್ಟೆಯ ಮುಂದೆ ಕೂತ. ಪದ್ಮಯ್ಯನವರು ಜಗಲಿಯಲ್ಲಿ ನಿಂತು ಆಕಾಶ ನೋಡಿ, “ಇನ್ನೂ ಇದೆ, ಇನ್ನೂ ಇದೆ, ಬೇಗ ಬಡಿಸಮ್ಮ” ಎನ್ನುತ್ತಿದ್ದರು.

ಒಂದು ಸಂಜೆ ಕೆರೆ ಕೆಂಪಾಯಿತು. ಏರಿಯ ಮೇಲೆ ಸದ್ದಿಲ್ಲ. ಶಾಂತಾದೇವಿ, “ನೀವು ಊಟ ಮಾಡಿ, ಅವನು ಬರ್ತಾನೆ” ಎಂದರು.

“ಜೊತೇಲೇ ಮಾಡ್ತೀನಿ.”

ತೊವ್ವೆ ಒಲೆಯ ಮೇಲೆ ಕುದಿಯುತ್ತಲೇ ಇತ್ತು. ಕೆರೆ ಕಪ್ಪಾಯಿತು. ಪದ್ಮಯ್ಯನವರು ತಮ್ಮ ತಟ್ಟೆಯನ್ನು ತಾವೇ ಎತ್ತಿ ಗೋಡೆಗೆ ಒರಗಿಸಿದರು. ಕಾಂಚನಮಾಲಾ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತಳು.

ಆಮೇಲೆ ಬಂದದ್ದು ಆ ಹಳೆಯ ಬಸ್ಸೇ, ಜಯರಾಜ ಇಷ್ಟು ವರ್ಷ ಹತ್ತಿ ಬರುತ್ತಿದ್ದ ಬಸ್ಸು. ಅದು ಎಂದೂ ಇಲ್ಲದಂತೆ ಅವರ ಬೀದಿಯ ತಿರುವಿನಲ್ಲಿ ನಿಂತಿತು. ಕಂಡಕ್ಟರ್ ಓಡುತ್ತಾ ಬಂದು, “ಪದ್ಮಯ್ಯನೋರೇ, ಸ್ವಲ್ಪ ಬನ್ನಿ, ಹೆಂಗಸರು ಬೇಡ” ಎಂದ. ಕಾಂಚನಮಾಲಾ ಅವನನ್ನು ದಾಟಿಕೊಂಡು ಓಡಿದಳು.

ಜಾವಗಲ್ ದಾಟಿದ ಮೇಲೆ ಯಾರೋ ರಸ್ತೆಯ ಮೇಲೆ ಹುರುಳಿ ಹರಡಿದ್ದರು. ಗಾಡಿಗಳು ಓಡಾಡಿ ತುಳಿದರೆ ಒಕ್ಕಣೆ ಆದಂತಾಗುತ್ತದೆ ಎಂದು ಆ ಕಾಲದಲ್ಲಿ ಎಲ್ಲರೂ ಹಾಗೆ ಹರಡುವವರೇ. ಗಾಡಿಗಳು ಹುರುಳಿಯನ್ನು ತಪ್ಪಿಸಿ ಪಕ್ಕದ ಮಣ್ಣಿಗೆ ಇಳಿದುಹೋಗದಿರಲಿ ಎಂದು ಅಂಚಿಗೆ ಗುಂಡುಕಲ್ಲು ಸಾಲಾಗಿ ಇಡುತ್ತಿದ್ದರು. ಅಲ್ಲಿ ಕಾವಲಿದ್ದವರು ಕತ್ತಲಾಯಿತೆಂದು ಮನೆಗೆ ಹೋಗಿದ್ದರು. “ಹುರುಳಿ ಕಂಡಿತು. ಕಲ್ಲು ಕಾಣಲಿಲ್ಲ” ಎಂದು ಜಯರಾಜ ಆಮೇಲೆ ಹೇಳಿದ. ಗಾಡಿ ಅವನ ಬಲಗಾಲಿನ ಮೇಲೆ ಬಿದ್ದು, ಹಿಂದೆ ಬಂದ ಬಸ್ಸಿನವರು ಎತ್ತುವ ತನಕ ಹಾಗೇ ಇತ್ತು.

ಹಾಸನದ ಆಸ್ಪತ್ರೆಯಲ್ಲಿ ಕಾಲನ್ನು ಮಂಡಿಯ ಕೆಳಗೆ ತೆಗೆದರು. ಜ್ವರದಲ್ಲಿ ಅವನು ಒಂದೇ ಮಾತು ಕೇಳುತ್ತಿದ್ದ. “ಹೊತ್ತು ಮುಳುಗಿತಾ?” ಪದ್ಮಯ್ಯನವರು ಮಂಚದ ಪಕ್ಕದಲ್ಲಿ ನಿಂತು, ಹೊರಗೆ ಕತ್ತಲಿದ್ದರೂ, “ಇಲ್ಲಪ್ಪ, ಇನ್ನೂ ಇದೆ” ಎನ್ನುತ್ತಿದ್ದರು. ಅವರು ಸುಳ್ಳು ಹೇಳಿದ್ದನ್ನು ಶಾಂತಾದೇವಿ ಕೇಳಿದ್ದು ಅದೇ ಮೊದಲು.

ಸಂಕ್ರಾಂತಿ ಕಳೆದು ಜಯರಾಜ ಮನೆಗೆ ಬಂದ. ಕಂಕುಳಿಗೆ ಕೋಲು ಕೊಟ್ಟುಕೊಂಡು ಜಗಲಿಯವರೆಗೆ ನಡೆಯುತ್ತಿದ್ದ. ದಿನವೂ ಬಿಸಿಲಿರುವಾಗಲೇ ಮೆತ್ತಗಿನ ಬಿಸಿ ಊಟ. ಹೊಟ್ಟೆಯ ಹುಣ್ಣು ವಾಸಿಯಾಯಿತು.

ಮಂಡಿಯ ಸಾಹುಕಾರರು ಒಂದು ದಿನ ಬಂದು ಹಣ್ಣಿನ ಬುಟ್ಟಿ ಇಟ್ಟು, ಸೊಸೆ ಎಸ್ಸೆಸ್ಸೆಲ್ಸಿ ಓದಿದ್ದರೆ ಜಯರಾಜನ ಜಾಗಕ್ಕೆ ಬರಲಿ ಎಂದು ಹೇಳಿ ಹೋದರು. ಅವರು ಮೆಟ್ಟಿಲು ಇಳಿಯುವ ಮೊದಲೇ ಕಾಂಚನಮಾಲಾ, “ನಾನು ಹೋಗ್ತೀನಿ” ಎಂದಳು.

“ಹೆಂಗಸು, ಅಷ್ಟು ದೂರ… ರಾತ್ರಿ ಬರೋದಾಗುತ್ತೆ” ಎಂದರು ಪದ್ಮಯ್ಯನವರು.

“ಬಸ್ಸಿಗೆ ದೀಪ ಇದೆ ಮಾವ.”

ಪದ್ಮಯ್ಯನವರು ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಶಾಂತಾದೇವಿ ಮಂಡಿ ಹಿಡಿದುಕೊಂಡು ಎದ್ದು, “ಅಡಿಗೆ ನಾನು ನೋಡ್ಕೋತೀನಿ, ಹೋಗಮ್ಮ” ಎಂದರು.

ಜಾವ ಕೊಟ್ಟಿಗೆಯಲ್ಲಿತ್ತು. ಅದನ್ನು ಕೊಳ್ಳಲು ಗಂಡಸಿ ಊರಿನಿಂದ ಒಬ್ಬ ತೆಂಗಿನ ವ್ಯಾಪಾರಿ ಬಂದ. ಅವನು ಕೇಳುವ ಮೊದಲೇ ಪದ್ಮಯ್ಯನವರು, “ದೀಪ ಸರಿ ಮಾಡಿಸಿದೀನಿ” ಎಂದರು. ಮನೆಯವರಿಗೆ ಯಾರಿಗೂ ಅದು ಗೊತ್ತಿರಲಿಲ್ಲ. ಯಾವಾಗಲೋ ಮರಿಯಣ್ಣನನ್ನು ಕರೆಸಿ, ಡೈನಮೊ ಹಾಸನಕ್ಕೆ ಕಳುಹಿಸಿ, ತರಿಸಿ ಕೂರಿಸಿದ್ದರು.

“ಎಲ್ಲಿ, ನೋಡಾನ” ಎಂದು ವ್ಯಾಪಾರಿ ಗಾಡಿ ಎಬ್ಬಿಸಿ ದೀಪ ಹೊತ್ತಿಸಿದ. ಮೋಡ ಕವಿದ ಸಂಜೆ. ಬೆಳಕು ಅಂಗಳ ದಾಟಿ ನೇರವಾಗಿ ಜಗಲಿಯ ಮೇಲೆ ಬಿತ್ತು. ಅಲ್ಲಿ ಜಯರಾಜ ಕೂತಿದ್ದ. ಮಡಚಿ ಪಿನ್ನು ಹಾಕಿದ ಪ್ಯಾಂಟಿನ ಕಾಲು, ಪಕ್ಕದ ಕೋಲು, ಎಲ್ಲ ಹಗಲಿನಂತೆ ಕಂಡವು. ಅವನು ಕಣ್ಣಿಗೆ ಕೈ ಅಡ್ಡ ಹಿಡಿದ.

“ಆರಿಸ್ರೀ” ಎಂದರು ಪದ್ಮಯ್ಯನವರು. “ಆರಿಸ್ರೀ ಸಾಕು.”

ಕಾಂಚನಮಾಲಾ ಮಂಡಿಗೆ ಹೋಗತೊಡಗಿದಳು. ಮಧ್ಯಾಹ್ನಕ್ಕೆ ಡಬ್ಬಿ, ಸಂಜೆಗೆ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು, ಆಮೇಲೆ ಬಾಣಾವರ, ಜಾವಗಲ್ ಸುತ್ತಿಕೊಂಡು ಬರುವ ಆ ಬಸ್ಸು.

ಫಾಲ್ಗುಣದ ಒಂದು ರಾತ್ರಿ ಅವಳು ಒಳಗೆ ಕಾಲಿಟ್ಟಾಗ ಅಡಿಗೆಮನೆಯಲ್ಲಿ ಬೆಳಕಿತ್ತು. ಒಲೆಯಲ್ಲಿ ಕೆಂಡ ಬೂದಿ ಮುಚ್ಚದೆ ಹಾಗೇ ಉರಿಯುತ್ತಿತ್ತು. ಅದರ ಮೇಲೆ ಗಂಜಿಯ ಪಾತ್ರೆ. ಪದ್ಮಯ್ಯನವರು ಒಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಇಷ್ಟು ವರ್ಷದಲ್ಲಿ ಹೊತ್ತು ಮುಳುಗಿದ ಮೇಲೆ ಅವರು ಆ ಬಾಗಿಲು ದಾಟಿದವರಲ್ಲ.

“ಬಿಸಿ ಇದೆ. ತುಪ್ಪ ಹಾಕಿಸಿದೀನಿ” ಎಂದರು. “ಊಟ ಮಾಡಮ್ಮ.”

ಕಾಂಚನಮಾಲಾ ಬಾಗಿಲಲ್ಲೇ ನಿಂತಳು.

“ನಾನೇ ಹೇಳ್ತಿದೀನಲ್ಲ. ಪಾಪ ಇದ್ರೆ ನನ್ನ ತಲೆಗಿರಲಿ. ಊಟ ಮಾಡು.”

ಜಗಲಿಯಲ್ಲಿ ಮಲಗಿದ್ದ ಜಯರಾಜನ ಕೆಮ್ಮು ನಿಂತಿತು. ಅವನೂ ಕೇಳಿಸಿಕೊಳ್ಳುತ್ತಿದ್ದ.

ಅವಳು ಬಚ್ಚಲಿಗೆ ಹೋಗಿ ಕಾಲು ತೊಳೆದು ಬಂದಳು. ಒಂದು ಲೋಟ ನೀರು ಬಗ್ಗಿಸಿ ಕುಡಿದಳು. ಆಮೇಲೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೊಳ್ಳಿಗಳನ್ನು ಹಿರಿದು, ಕೆಂಡಕ್ಕೆ ಬೂದಿ ಮುಚ್ಚಿದಳು.

“ಹೊತ್ತು ಮುಳುಗಿದೆ ಮಾವ.”

ಮಾರನೆಯ ಸಂಜೆಯೂ ಪದ್ಮಯ್ಯನವರು ಒಲೆ ಆರಿಸಗೊಡಲಿಲ್ಲ. ಮಾರನೆಯ ರಾತ್ರಿಯೂ ಅವಳು ಬಂದು ಆರಿಸಿದಳು. ಬೆಳಿಗ್ಗೆ ಎದ್ದು ತ್ರಿಶಲಾ ಗಂಜಿಯನ್ನು ಹಸುವಿಗೆ ಸುರಿದು ಬರುತ್ತಿದ್ದಳು. ಚಳಿ ಹೋಗಿ ಬಿಸಿಲು ಬಂದರೂ ಹೀಗೇ ನಡೆಯಿತು. ಆಮೇಲಾಮೇಲೆ ಕಾಂಚನಮಾಲಾ ರಾತ್ರಿ ಗೋಡೆಯ ಕಡೆ ತಿರುಗಿ, ಮಂಡಿ ಮಡಚಿ ಹೊಟ್ಟೆಗೆ ಒತ್ತಿಕೊಂಡು ಮಲಗತೊಡಗಿದಳು.